ಪ್ರತಿಕ್ರಿಯೆ: ಇಬ್ಬರ ಮಾರಿಯೋ 2 ಬೇರೆ ಬೇರೆ ಯಾಕೆ?

ಮಾರಿಯೋ 2 ಅನ್ನೋ ವಿಡಿಯೋ ಗೇಮ್ ಹೇಗಿದೆ ಅಂತ ನಿಮಗೂ ಬೀದರ್‌ನ ಗೆಳೆಯನಿಗೂ ಜಗಳ ಅಂತ ಬರೆದಿದ್ದೀರಿ. ಅದಕ್ಕೆ ಕಾರಣ ಬಹುಶಃ ಇಷ್ಟೇ: 'ಸೂಪರ್ ಮಾರಿಯೋ ಬ್ರದರ್ಸ್ 2' ಹೆಸರಿನಲ್ಲಿ ಎರಡು ಆಟಗಳಿವೆ. ಕಲಬುರಗಿ ಸೂಪರ್ ಮಾರ್ಕೆಟ್‌ನಲ್ಲಿ ನೀವು ತಂದ ಕ್ಯಾಸೆಟ್‌ನಲ್ಲಿ ಅದು ಒಂದನೇ ಭಾಗದ ಹಾಗೇ ಇದೆ, ಆದರೆ ಸಿಕ್ಕಾಪಟ್ಟೆ ಕಷ್ಟ ಅಂದಿರಿ. ಬೀದರ್‌ನ ಗೆಳೆಯ ಆಡಿದ್ದರಲ್ಲಿ ತರಕಾರಿ ಕಿತ್ತು ಎಸೆಯಬೇಕು. ಇಬ್ಬರೂ ಹೇಳೋದು ಸರಿನೇ. ನಿಮ್ಮದು ಬಹುಶಃ 1986ರಲ್ಲಿ ಜಪಾನ್‌ನಲ್ಲಿ ಬಂದದ್ದು. ಅದು ಜಾಸ್ತಿ ಕಷ್ಟ ಅಂತ ಆಗ ಅಮೆರಿಕಕ್ಕೆ ಕಳಿಸಲಿಲ್ಲ. 'ಡೋಕಿ ಡೋಕಿ ಪ್ಯಾನಿಕ್' ಅನ್ನೋ ಬೇರೆ ಆಟದಲ್ಲಿ ಪಾತ್ರಗಳನ್ನು ಬದಲಿಸಿ 1988ರಲ್ಲಿ ಅಲ್ಲಿ 2 ಅಂತ ಮಾರಿದರು. ಗೆಳೆಯ ಆಡಿದ್ದು ಇದನ್ನೇ.

ನಿಮ್ಮದು ಜಪಾನಿನದೇ ಹೌದಾ ಅಂತ ತಿಳಿಯಲು ಮೊದಲು ಶುರುವಿನ ಪರದೆ ನೋಡಿ. ಒಬ್ಬರ ಆಟ, ಇಬ್ಬರ ಆಟ ಅಂತ ಕೇಳದೆ ಮಾರಿಯೋ ಅಥವಾ ಅವನ ತಮ್ಮ ಲುಯಿಜಿಯನ್ನು ಆರಿಸಿ ಅಂದರೆ ಅದು ಜಪಾನಿನದು. ಆಮೇಲೆ 1-1ರಲ್ಲಿ, ಅಂದರೆ ಮೊದಲ ಹಂತದಲ್ಲಿ, ಪ್ರಶ್ನೆ ಚಿಹ್ನೆಯ ಇಟ್ಟಿಗೆಗಳಿಗೆ ತಲೆ ಹೊಡೆಯಿರಿ. ಬೇರೆ ಬಣ್ಣದ ಅಣಬೆ ಹೊರಬಂದು, ಮುಟ್ಟಿದ ತಕ್ಷಣ ಚಿಕ್ಕ ಮಾರಿಯೋ ಸತ್ತರೆ, ಅಥವಾ ದೊಡ್ಡವನಿದ್ದರೆ ಚಿಕ್ಕವನಾದರೆ, ಅನುಮಾನವೇ ಬೇಡ. ಅದು ವಿಷದ ಅಣಬೆ, ಒಂದನೇ ಭಾಗದಲ್ಲಿಲ್ಲ. ಎರಡೂ ಕಾಣಿಸದಿದ್ದರೆ ಒಂದನೇ ಆಟಕ್ಕೇ 2 ಅಂತ ಹೆಸರು ಹಚ್ಚಿರಬಹುದು. ಇಂಥ ಕ್ಯಾಸೆಟ್‌ಗಳಲ್ಲಿ ಅದು ಮಾಮೂಲು, ನೋಡದೆ ಖಚಿತ ಹೇಳಲಾರೆ.

ಜಪಾನಿನದೇ ಆದರೆ ಲುಯಿಜಿ ತಗೊಳ್ಳಿ. ಎತ್ತರಕ್ಕೆ ಹಾರುತ್ತಾನೆ, ಆದರೆ ನಿಲ್ಲಿಸಿದರೆ ಜಾರ್ತಾನೆ. ಹಳ್ಳದ ಅಂಚಿಗೆ ಬರುವ ಮೊದಲೇ ಬಟನ್ ಬಿಡಿ.

ಯಾವುದು ಚೆಂದ ಅಂತ ಈ ಎರಡನ್ನು ಹೋಲಿಸೋದು ಸುಮ್ನೆ ವಾದ, ಆಟಗಳೇ ಬೇರೆ ಅಲ್ವಾ? ನನ್ನ ಕೇಳಿದರೆ 'ಸೂಪರ್ ಮಾರಿಯೋ ಬ್ರದರ್ಸ್ 3' ಎಲ್ಲಕ್ಕಿಂತ ಮೇಲು. ಇಬ್ಬರೂ ಅದನ್ನು ಹಾಕಿಕೊಂಡು ಆಡಿ.