ಅಂಗನವಾಡಿ ಊಟ, ಮಾತೃವಂದನಾ ಹಣ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಗರ್ಭಿಣಿ, ಬಾಣಂತಿ ಮತ್ತು ಪುಟ್ಟ ಮಕ್ಕಳಿಗೆ ಸರ್ಕಾರ ಕೊಡುವ ಆಹಾರ, ಸಹಾಯಧನದ ಬಗ್ಗೆ ಬಂದ ಪತ್ರಗಳಲ್ಲಿ ಆಯ್ದವಕ್ಕೆ ಇಲ್ಲಿ ಉತ್ತರವಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ನನಗೀಗ ಮೂರು ತಿಂಗಳು, ಚೊಚ್ಚಲು. ನಮ್ಮದು ಎಪಿಎಲ್ ಕಾರ್ಡು. ಏನೂ ಸಿಗುವುದಿಲ್ಲ ಎನ್ನುತ್ತಾರೆ, ನಿಜವೇ? — ಹಿರೇಕೆರೂರು

ನಿಜವಲ್ಲ. ಊಟ ಮತ್ತು ಹಣ ಎರಡೂ ಬೇರೆ ಬೇರೆ ಯೋಜನೆಗಳು.

ಅಂಗನವಾಡಿಯ ಊಟಕ್ಕೆ ಆದಾಯದ ಮಿತಿಯೇ ಇಲ್ಲ. ಕರ್ನಾಟಕದಲ್ಲಿ 2017ರ ಅಕ್ಟೋಬರ್ 2ರಿಂದ ಇರುವ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೆ, ಹೆರಿಗೆಯಾದ ಮೇಲೆ ಆರು ತಿಂಗಳವರೆಗೆ ಬಾಣಂತಿಯರಿಗೆ, ತಿಂಗಳಿಗೆ 25 ದಿನ ಕೇಂದ್ರದಲ್ಲೇ ಮಧ್ಯಾಹ್ನದ ಬಿಸಿಯೂಟ ಸಿಗುತ್ತದೆ: ಅನ್ನ, ಸಾಂಬಾರು, ಪಲ್ಯ, ಬೇಯಿಸಿದ ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿ. ಮೊಟ್ಟೆ ತಿನ್ನದವರಿಗೆ ಮೊಳಕೆ ಕಾಳು. ತಾಯಿ ಕಾರ್ಡು, ಆಧಾರ್, ಮೊಬೈಲ್ ತೆಗೆದುಕೊಂಡು ಹೋಗಿ ಹೆಸರು ಬರೆಸಿ. ಒಂದು ಎಚ್ಚರ: ಕಬ್ಬಿಣಾಂಶದ ಮಾತ್ರೆಯನ್ನು ಹಾಲಿನ ಜತೆಗಾಗಲಿ ಕ್ಯಾಲ್ಸಿಯಂ ಮಾತ್ರೆಯ ಜತೆಗಾಗಲಿ ನುಂಗಬೇಡಿ. ಎರಡು ಗಂಟೆ ಅಂತರವಿಲ್ಲದಿದ್ದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಹಣ ಬರುವುದು ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಿಂದ. ಮೊದಲ ಮಗುವಿಗೆ ಒಟ್ಟು ₹5,000. ಕೊನೆಯ ಮುಟ್ಟಿನ ದಿನದಿಂದ ಆರು ತಿಂಗಳೊಳಗೆ ಕನಿಷ್ಠ ಒಂದು ತಪಾಸಣೆ ಆಗಿದ್ದರೆ ₹3,000. ಮಗುವಿನ ಜನನ ನೋಂದಣಿಯಾಗಿ, 14 ವಾರದವರೆಗಿನ ಲಸಿಕೆ ಮುಗಿದ ಮೇಲೆ ₹2,000. ಇದಕ್ಕೆ ಬಿಪಿಎಲ್ ಕಾರ್ಡೇ ಬೇಕೆಂದಿಲ್ಲ. ಕುಟುಂಬದ ವಾರ್ಷಿಕ ಆದಾಯ ₹8 ಲಕ್ಷಕ್ಕಿಂತ ಕಡಿಮೆ ಇದೆ ಎಂಬ ಪ್ರಮಾಣಪತ್ರ, ಇ-ಶ್ರಮ್ ಕಾರ್ಡು, ಉದ್ಯೋಗ ಖಾತರಿಯ ಜಾಬ್ ಕಾರ್ಡು, ಆಯುಷ್ಮಾನ್ ಭಾರತ್ ಕಾರ್ಡು, ಎಸ್‌ಸಿ ಅಥವಾ ಎಸ್‌ಟಿ ಜಾತಿ ಪ್ರಮಾಣಪತ್ರ, ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರ, ಇವುಗಳಲ್ಲಿ ಒಂದಿದ್ದರೆ ಸಾಕು. ಎಪಿಎಲ್‌ನವರಿಗೆ ಸುಲಭದ ದಾರಿ ನಾಡಕಚೇರಿಯ ಆದಾಯ ಪ್ರಮಾಣಪತ್ರ.

ಅರ್ಜಿಗಳು ಎಡವುವುದು ದಾಖಲೆ ಯಾರ ಹೆಸರಲ್ಲಿದೆ ಎಂಬಲ್ಲಿ. ಇ-ಶ್ರಮ್ ಕಾರ್ಡು ನಿಮ್ಮದೇ ಆಗಿರಬೇಕು, ಗಂಡನದು ನಡೆಯದು. ಕಿಸಾನ್ ಸಮ್ಮಾನ್ ಫಲಾನುಭವಿ ಎಂಬ ಆಧಾರದಲ್ಲಿ ಹಾಕುವುದಾದರೆ ಆ ಹಣ ನಿಮ್ಮ ಹೆಸರಿಗೆ ಬರುತ್ತಿರಬೇಕು. ಜಮೀನು ಮಾವನ ಹೆಸರಲ್ಲಿದ್ದರೆ ಪ್ರಯೋಜನವಿಲ್ಲ. ಪಡಿತರ ಚೀಟಿ ಕೊಡುವವರು ಅದರಲ್ಲಿ ತಮ್ಮ ಹೆಸರಿದೆಯೇ ನೋಡಿಕೊಳ್ಳಿ. ಮದುವೆಯಾಗಿ ಎರಡು ವರ್ಷವಾದರೂ ಹೆಸರು ತವರಿನ ಕಾರ್ಡಿನಲ್ಲೇ ಉಳಿದಿರುವುದು ನಮ್ಮಲ್ಲಿ ತೀರಾ ಸಾಮಾನ್ಯ.

ಸರ್ಕಾರಿ ನೌಕರಿಯಲ್ಲಿರುವವರಿಗೆ, ಕಾನೂನಿನ ಪ್ರಕಾರ ಸಂಬಳಸಹಿತ ಹೆರಿಗೆ ರಜೆ ಪಡೆಯುವವರಿಗೆ ಈ ಹಣ ಇಲ್ಲ. ಗಂಡನ ಆಧಾರ್ ಈಗ ಕಡ್ಡಾಯವಲ್ಲ. ಅರ್ಜಿಯನ್ನು ಅಂಗನವಾಡಿ ಕಾರ್ಯಕರ್ತೆ ಇಲ್ಲವೇ ಆಶಾ ಮೂಲಕ ಹಾಕಬಹುದು, ಯೋಜನೆಯ ಪೋರ್ಟಲ್‌ನಲ್ಲಿ ನೀವೇ ತುಂಬಲೂಬಹುದು. ಸ್ಕ್ಯಾನಿಂಗ್ ವರದಿಯಲ್ಲಿ ಬೇರೆ ದಿನಾಂಕ ಕಂಡರೂ ಗೊಂದಲ ಬೇಡ, ಕೊನೆಯ ಮುಟ್ಟಿನ ದಿನಾಂಕ ತಾಯಿ ಕಾರ್ಡಿನಲ್ಲಿ ಇರುವಂತೆಯೇ ಅರ್ಜಿಯಲ್ಲೂ ಇರಲಿ.

ಹಣ ಜಮಾ ಆಗಿದೆ ಎಂದು ಅಂಗನವಾಡಿಯವರು ಮೊಬೈಲಿನಲ್ಲಿ ತೋರಿಸಿದರು. ನನ್ನ ಪಾಸ್‌ಬುಕ್‌ನಲ್ಲಿ ಒಂದು ರೂಪಾಯಿಯೂ ಇಲ್ಲ. — ಸಿಂಧನೂರು, ಇದೇ ಪ್ರಶ್ನೆ ಅರಸೀಕೆರೆ, ಕುಣಿಗಲ್‌ನಿಂದಲೂ

ಹಣ ಬಹುಮಟ್ಟಿಗೆ ಬಂದೇ ಇರುತ್ತದೆ, ನೀವು ನೋಡುತ್ತಿರುವ ಖಾತೆಗೆ ಬಂದಿಲ್ಲ ಅಷ್ಟೆ. ಈ ಯೋಜನೆಯಲ್ಲಿ ದುಡ್ಡು ಹೋಗುವುದು ಆಧಾರ್ ಸಂಖ್ಯೆಯ ಜಾಡು ಹಿಡಿದು. ಒಂದು ಆಧಾರ್‌ಗೆ ನೇರ ಹಣ ವರ್ಗಾವಣೆಗೆಂದು ಒಂದೇ ಬ್ಯಾಂಕ್ ಜೋಡಣೆಯಾಗಿರುತ್ತದೆ, ಕೊನೆಯದಾಗಿ ಯಾವುದನ್ನು ಜೋಡಿಸಿದ್ದರೋ ಅದು. ನಾಲ್ಕು ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟಿದ್ದೀರಿ ಎಂದ ಮಾತ್ರಕ್ಕೆ ನಾಲ್ಕಕ್ಕೂ ಹಣ ಬರುವುದಿಲ್ಲ. ಕೆವೈಸಿಗೆ ಆಧಾರ್ ಕೊಡುವುದು ಬೇರೆ, ಸಹಾಯಧನಕ್ಕಾಗಿ ಸೀಡಿಂಗ್ (ಹಣ ಆ ಬ್ಯಾಂಕಿಗೇ ಬರುವಂತೆ ಆಧಾರ್ ಜೋಡಣೆ) ಮಾಡಿಸುವುದು ಬೇರೆ. ಬ್ಯಾಂಕಿನ ಕೌಂಟರಿನಲ್ಲಿ ‘ಲಿಂಕ್ ಆಗಿದೆ’ ಎನ್ನುವುದು ಹಲವು ಸಲ ಮೊದಲನೆಯದನ್ನು.

ಮೈ ಆಧಾರ್ ಪೋರ್ಟಲ್‌ಗೆ ಹೋಗಿ, ಆಧಾರ್ ಸಂಖ್ಯೆ ಮತ್ತು ಒಟಿಪಿ ಹಾಕಿ, ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿ. ಬ್ಯಾಂಕಿನ ಹೆಸರು, ಸೀಡಿಂಗ್ ಚಾಲ್ತಿಯಲ್ಲಿದೆಯೋ ಇಲ್ಲವೋ ಎಂಬುದು ಕಾಣುತ್ತದೆ. ಖಾತೆ ಸಂಖ್ಯೆ ಪೂರ್ತಿ ತೋರಿಸುವುದಿಲ್ಲ, ಆದರೆ ಬ್ಯಾಂಕಿನ ಹೆಸರು ಕಂಡೊಡನೆ ನೆನಪಾಗುತ್ತದೆ: ಪಿಯುಸಿಯಲ್ಲಿ ಸ್ಕಾಲರ್‌ಶಿಪ್‌ಗೆಂದು ತವರೂರಿನಲ್ಲಿ ತೆರೆದದ್ದು, ಇಲ್ಲವೇ ಪೋಸ್ಟ್‌ಮ್ಯಾನ್ ಮನೆಗೆ ಬಂದು ಬೆರಳಚ್ಚು ಒತ್ತಿಸಿಕೊಂಡು ಮಾಡಿಕೊಟ್ಟ ಅಂಚೆ ಪೇಮೆಂಟ್ಸ್ ಬ್ಯಾಂಕ್ ಖಾತೆ. ಅಲ್ಲಿ ಹೋಗಿ ಎಂಟ್ರಿ ಹಾಕಿಸಿ.

ಖಾತೆ ವರ್ಷಗಟ್ಟಲೆ ಬಳಸದೆ ನಿಂತುಹೋಗಿದ್ದರೆ ಹಣ ಒಳಗೆ ಹೋಗದೆ ವಾಪಸಾಗಿರುತ್ತದೆ. ಆಗ ಈಗ ಬಳಸುವ ಬ್ಯಾಂಕಿನಲ್ಲಿ ಆಧಾರ್ ಸೀಡಿಂಗ್ ನಮೂನೆ ತುಂಬಿಕೊಡಿ. ಹಳೆಯ ಬ್ಯಾಂಕಿನ ಹೆಸರು ಕೇಳುವ ಜಾಗವಿದ್ದರೆ ಖಾಲಿ ಬಿಡಬೇಡಿ. ಪೋರ್ಟಲ್‌ನಲ್ಲಿ ಹೊಸ ಬ್ಯಾಂಕಿನ ಹೆಸರು ಕಂಡ ಮೇಲೆ ಆ ಪುಟದ ಪ್ರಿಂಟ್ ತೆಗೆದುಕೊಂಡು, ಹಣ ಮತ್ತೆ ಕಳಿಸುವಂತೆ ಅಂಗನವಾಡಿ ಮೇಲ್ವಿಚಾರಕಿ ಅಥವಾ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಬರೆದುಕೊಡಿ. ಅದಕ್ಕೆ ಮೊದಲೇ ಹೊಸ ಅರ್ಜಿ ಹಾಕಬೇಡಿ. ಒಂದೇ ಆಧಾರ್‌ನಲ್ಲಿ ಎರಡು ಅರ್ಜಿಯಾದರೆ ಇದ್ದದ್ದೂ ತಡೆಹಿಡಿಯುತ್ತದೆ.

ಅತ್ತೆಗೆ ಗೃಹಲಕ್ಷ್ಮಿ ಬರುತ್ತಿರುವ ಖಾತೆಯನ್ನು ಅರ್ಜಿಯಲ್ಲಿ ಬರೆದವರೂ ಇದ್ದಾರೆ. ಅದು ಆಗದು, ಇದು ತಾಯಿಯ ಸ್ವಂತ ಖಾತೆಗೇ ಬರುವ ಹಣ.

ಹೆರಿಗೆಗೆ ತವರಿಗೆ ಹೋಗಿ ಐದು ತಿಂಗಳು ಅಲ್ಲೇ ಇರುತ್ತೇನೆ. ಎರಡೂ ಕಡೆ ಹೆಸರು ಬರೆಸಬಹುದೇ? — ಶಿರಸಿ

ಬೇಡ. ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್‌ನಲ್ಲಿ ನಿಮ್ಮ ಹೆಸರು ಆಧಾರ್ ಜತೆ ಒಂದೇ ಕೇಂದ್ರದಲ್ಲಿರುತ್ತದೆ, ಎರಡನೆಯ ಕೇಂದ್ರ ಸೇರಿಸಲು ಹೋದರೆ ತೆಗೆದುಕೊಳ್ಳುವುದಿಲ್ಲ. ಹೊರಡುವ ಮುನ್ನ ಗಂಡನ ಮನೆಯ ಕಡೆಯ ಕಾರ್ಯಕರ್ತೆಗೆ ಹೇಳಿ ವರ್ಗಾವಣೆ ಮಾಡಿಸಿಕೊಳ್ಳಿ, ವಾಪಸು ಬರುವಾಗ ಮತ್ತೆ ಅದೇ ಕೆಲಸ. ತಾಯಿ ಕಾರ್ಡು ಮಾತ್ರ ಒಂದೇ ಇರಲಿ. ತವರಿನಲ್ಲಿ ಹೊಸದು ಮಾಡಿಸಿದರೆ ಲಸಿಕೆ ಒಂದರಲ್ಲಿ, ತಪಾಸಣೆ ಇನ್ನೊಂದರಲ್ಲಿ ದಾಖಲಾಗಿ ಎರಡನೇ ಕಂತು ಸಿಕ್ಕಿಕೊಳ್ಳುತ್ತದೆ. ಖಾಸಗಿ ಆಸ್ಪತ್ರೆಯಲ್ಲಿ ಹಾಕಿಸಿದ ಲಸಿಕೆಯೂ ಲೆಕ್ಕಕ್ಕೆ ಬರುತ್ತದೆ, ಆದರೆ 6, 10, 14ನೇ ವಾರದ ಚೀಟಿಗಳನ್ನು ಎಎನ್‌ಎಂಗೆ (ಉಪಕೇಂದ್ರದ ಆರೋಗ್ಯ ಸಹಾಯಕಿಗೆ) ತೋರಿಸಿ ಕಾರ್ಡಿನಲ್ಲಿ ಬರೆಸಬೇಕು.

ಜನನ ನೋಂದಣಿ ಹೆರಿಗೆಯಾದ ಊರಿನಲ್ಲೇ, 21 ದಿನದೊಳಗೆ. ನಾಮಕರಣ ಆಗಿಲ್ಲವೆಂದು ಕಾಯಬೇಡಿ. ಹೆಸರಿಲ್ಲದೆಯೂ ನೋಂದಣಿಯಾಗುತ್ತದೆ, ಒಂದು ವರ್ಷದೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ.

ಮೊದಲನೆಯದು ಗಂಡು. ಎರಡನೇ ಹೆರಿಗೆಯಲ್ಲಿ ಅವಳಿ, ಒಂದು ಹೆಣ್ಣು ಒಂದು ಗಂಡು. ಹಣ ಬರುತ್ತದೆಯೇ? — ಮುಧೋಳ

ಬರುತ್ತದೆ. ಎರಡನೇ ಹೆರಿಗೆಯಲ್ಲಿ ಹೆಣ್ಣು ಮಗು ಹುಟ್ಟಿದರೆ ಒಂದೇ ಕಂತಿನಲ್ಲಿ ₹6,000, ಅವಳಿಯಲ್ಲಿ ಒಂದು ಹೆಣ್ಣಾದರೂ ಸರಿ. ಮಗು ಹುಟ್ಟಿದ 270 ದಿನದೊಳಗೆ ಅರ್ಜಿ ಹಾಕಬೇಕು. ಗರ್ಭಪಾತವಾದವರು, ಮಗು ಸತ್ತು ಹುಟ್ಟಿದವರು ಮುಂದಿನ ಬಸಿರಿನಲ್ಲಿ ಹೊಸ ಫಲಾನುಭವಿಯಾಗಿಯೇ ಅರ್ಜಿ ಹಾಕಬಹುದು.

ಮಗುವಿನ ಪುಷ್ಟಿ ಪೊಟ್ಟಣ ತರಲು ಅತ್ತೆಯನ್ನು ಕಳಿಸಿದರೆ ‘ತಾಯಿಯ ಮುಖ ತೋರಿಸಬೇಕು’ ಎಂದು ವಾಪಸು ಕಳಿಸುತ್ತಾರೆ. — ಚಿಂತಾಮಣಿ

ಕಾರ್ಯಕರ್ತೆಯನ್ನು ಬೈದು ಪ್ರಯೋಜನವಿಲ್ಲ. ಮನೆಗೆ ಒಯ್ಯುವ ಆಹಾರಕ್ಕೆ 2025ರ ಜುಲೈನಿಂದ ಮುಖ ಗುರುತು ಕಡ್ಡಾಯ. ಮೊದಲ ಸಲ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ, ಆಮೇಲೆ ಪ್ರತಿ ಸಲ ಫೋಟೊ. ಹೊಂದಿಕೆಯಾಗದಿರುವುದಕ್ಕೆ ಕಾರಣ ಸಾಮಾನ್ಯವಾಗಿ ಎರಡು: ಆಧಾರ್‌ನಲ್ಲಿರುವುದು ಹತ್ತು ವರ್ಷ ಹಿಂದಿನ ಫೋಟೊ, ಅಥವಾ ನಂಬರು ಯಾವತ್ತೋ ಬಿಟ್ಟ ಸಿಮ್ಮಿನದು. ಎರಡೂ ಆಧಾರ್ ಕೇಂದ್ರದಲ್ಲಿ ಸರಿಯಾಗುತ್ತವೆ. ಫೋಟೊ ತೆಗೆಸುವಾಗ ಬೆಳಕಿಗೆ ಮುಖಮಾಡಿ ನಿಲ್ಲಿ, ತಲೆಯ ಮೇಲಿನ ಸೆರಗು ಹಣೆಗೆ ಬರದಿರಲಿ. ನೀವು ಹೋಗಲಾಗದಿದ್ದರೆ ಮನೆಯ ಇನ್ನೊಬ್ಬರನ್ನು ನಾಮಿನಿಯಾಗಿ ಸೇರಿಸಲು ಆ್ಯಪ್‌ನಲ್ಲಿ ಅವಕಾಶವಿದೆ, ಕೇಳಿ ಅತ್ತೆಯ ಹೆಸರು ಹಾಕಿಸಿ. ಮಗುವಿಗೆ ಆಧಾರ್ ಇಲ್ಲವೆಂದು ಆಹಾರ ನಿಲ್ಲಿಸುವಂತಿಲ್ಲ, ತಾಯಿಯದು ಸಾಕು.

ಯಾದಗಿರಿಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದಿದ್ದೇವೆ, ರೇಷನ್ ಕಾರ್ಡು ಊರಲ್ಲಿದೆ. ಇಲ್ಲಿ ಅಂಗನವಾಡಿಗೆ ಹೋಗಬಹುದೇ? ಹೋದರೂ ಮೊಟ್ಟೆ ಕೊಡುವುದಿಲ್ಲ ಎನ್ನುತ್ತಾರೆ. — ಕೆ.ಆರ್. ಪುರ

ಹೋಗಬಹುದು. ಸ್ಥಳೀಯ ರೇಷನ್ ಕಾರ್ಡಾಗಲಿ ಬಾಡಿಗೆ ಕರಾರಾಗಲಿ ಬೇಡ. ಊರಿನ ಕೇಂದ್ರದಲ್ಲಿ ಹೆಸರಿದ್ದರೆ ಫೋನಿನಲ್ಲೇ ಹೇಳಿ ವರ್ಗಾವಣೆ ಮಾಡಿಸಿ. ಮಾತೃವಂದನಾ ಕೇಂದ್ರ ಸರ್ಕಾರದ್ದಾದ್ದರಿಂದ ಅರ್ಜಿಯನ್ನೂ ಇಲ್ಲಿಂದಲೇ ಹಾಕಬಹುದು. ಗೋವಾ, ಮುಂಬೈಗೆ ದುಡಿಯಲು ಹೋದವರಿಗೂ ಇದೇ ಮಾತು.

ಮೊಟ್ಟೆಯ ವಿಷಯ: ಅಕ್ಕಿ ಬೇಳೆ ಸರಬರಾಜಾಗಿ ಬರುತ್ತದೆ, ಮೊಟ್ಟೆ ತರಕಾರಿಯನ್ನು ಬಾಲವಿಕಾಸ ಸಮಿತಿಯ ಖಾತೆಯ ದುಡ್ಡಿನಲ್ಲಿ ಅಲ್ಲೇ ಕೊಳ್ಳಬೇಕು. ಅನುದಾನ ತಡವಾದಾಗ ಮೊದಲು ನಿಲ್ಲುವುದು ಮೊಟ್ಟೆಯೇ. ಎಷ್ಟು ದಿನದಿಂದ ಇಲ್ಲ ಎಂದು ದಿನಾಂಕ ಬರೆದು, ನಾಲ್ಕೈದು ತಾಯಂದಿರು ಸಹಿ ಹಾಕಿ ಸಿಡಿಪಿಒಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಇದು ದಯೆಯ ಊಟವಲ್ಲ, 2013ರ ಆಹಾರ ಭದ್ರತಾ ಕಾಯ್ದೆಯ ಹಕ್ಕು. ಗರ್ಭಿಣಿಗೆ ದಿನಕ್ಕೆ 600 ಕಿಲೊ ಕ್ಯಾಲೊರಿ, 18ರಿಂದ 20 ಗ್ರಾಂ ಪ್ರೊಟೀನು ಎಂದು ಅದರಲ್ಲೇ ನಮೂದಾಗಿದೆ. ಸಿಡಿಪಿಒ ಹಂತದಲ್ಲಿ ಆಗದಿದ್ದರೆ ಜಿಲ್ಲಾ ಕುಂದುಕೊರತೆ ಅಧಿಕಾರಿಗೆ, ಅಲ್ಲೂ ಆಗದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಅದೇ ಸ್ವೀಕೃತಿಯ ಪ್ರತಿ ಲಗತ್ತಿಸಿ ಬರೆಯಬಹುದು.