ಸ್ಕಾಚ್ ಬಾಟಲಿ ಮೇಲಿನ ‘12’ ಅಂದರೆ ಏನು? ಪೀಟ್ ಅಂದರೆ?

12 ಅಂತ ಇದ್ದರೆ, ಆ ಬಾಟಲಿಯೊಳಗಿನ ಅತಿ ಎಳೆಯ ವಿಸ್ಕಿಗೆ 12 ವರ್ಷ ಆಗಿದೆ ಎಂದರ್ಥ. ಸರಾಸರಿ ಅಲ್ಲ. 20 ವರ್ಷದ ವಿಸ್ಕಿಗೆ 12 ವರ್ಷದ್ದನ್ನು ಒಂದು ಲೋಟ ಬೆರೆಸಿದರೂ ಲೇಬಲ್ಲಿನಲ್ಲಿ 20 ಅಂತ ಹಾಕುವಂತಿಲ್ಲ. ಲೆಕ್ಕ ಓಕ್ ಪೀಪಾಯಿಯಲ್ಲಿ ಕಳೆದ ಕಾಲಕ್ಕೆ ಮಾತ್ರ. ಬೀರುವಿನಲ್ಲಿ ಹತ್ತು ವರ್ಷ ಬಚ್ಚಿಟ್ಟರೆ 12 ಹೋಗಿ 22 ಆಗುವುದಿಲ್ಲ! ಸಂಖ್ಯೆಯೇ ಇಲ್ಲದಿದ್ದರೆ ಕಳಪೆ ಅಂದುಕೊಳ್ಳಬೇಡಿ. ಸ್ಕಾಚ್ ಅನ್ನಿಸಿಕೊಳ್ಳಲು ಕನಿಷ್ಠ 3 ವರ್ಷ ಸ್ಕಾಟ್ಲೆಂಡಿನಲ್ಲೇ ಪೀಪಾಯಿಯಲ್ಲಿ ಇರಲೇಬೇಕು.

ಪೀಟ್ ಅಂದರೆ ಜೌಗು ನೆಲದಲ್ಲಿ ಅರೆಬರೆ ಕೊಳೆತ ಗಿಡಗಳ ಪದರ. ಅದನ್ನು ಉರಿಸಿ, ಮೊಳಕೆ ಬಂದ ಬಾರ್ಲಿಯನ್ನು ಒಣಗಿಸುತ್ತಾರೆ. ಹೊಗೆಯ ವಾಸನೆ ಬರುವುದು ಅಲ್ಲಿಂದ. ಹೊಗೆಯ ಅಳತೆ ಪಿಪಿಎಂನಲ್ಲಿ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಹೊಗೆಯ ಅಂಶ ಎಷ್ಟು ಪಾಲು ಅಂತ. ಆದರೆ ಇದನ್ನೇ ಜಾಸ್ತಿ ನಂಬಬೇಡಿ. ಸಾಮಾನ್ಯವಾಗಿ ಆ ಅಂಕಿ ಬಾರ್ಲಿಯದ್ದು, ಬಾಟಲಿಯದ್ದಲ್ಲ. ಸ್ಕಾಟ್ಲೆಂಡಿನ ಐಲಾ ದ್ವೀಪದ ಲಗಾವುಲಿನ್, ಕಲೀಲಾ ಎರಡೂ ಡಿಸ್ಟಿಲರಿಗಳ ಬಾರ್ಲಿಯೂ ಸುಮಾರು 35 ಪಿಪಿಎಂ. ಬಟ್ಟಿ ಇಳಿಸುವ ರೀತಿ ಬೇರೆ, ಹಾಗಾಗಿ ರುಚಿಯೂ ಬೇರೆ. ಪೀಪಾಯಿಯಲ್ಲಿ ಹಳತಾದಷ್ಟೂ ಹೊಗೆ ಮೆತ್ತಗಾಗುತ್ತದೆ.

ಹೊಸಬರಾದರೆ ಹೊಗೆಯಿಲ್ಲದ ಗ್ಲೆನ್‌ಫಿಡಿಕ್ 12ರಿಂದ ಶುರು ಮಾಡಿ. ಐಲಾದ್ದೇ ಹೊಗೆ ವಿಸ್ಕಿ ಲಾಫ್ರಾಯ್ಗ್‌ನ ಆಸ್ಪತ್ರೆ ವಾಸನೆ ಮೊದಲ ದಿನವೇ ಯಾಕೆ, ಅಲ್ವಾ?