‘ಹೋಸ್ಟ್ ಕೀ ಎರರ್ ಬರ್ತಿದೆ, ಆಫ್ ಮಾಡ್ಲಾ?’

ಎಸ್‌ಎಸ್‌ಎಚ್ (ದೂರದ ಸರ್ವರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ದಾರಿ) ಲೈಬ್ರರಿ ಬರೆಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಈ ಸಲ ಇದಕ್ಕೇ ಜಾಸ್ತಿ ಜಾಗ. ಕೀ ಅಂದ್ರೇನು, ಪೋರ್ಟ್ ಅಂದ್ರೇನು ಎಂದು ಉದ್ದಕ್ಕೆ ಹೇಳುತ್ತಾ ಕೂರುವುದಿಲ್ಲ.

ಪ್ರಶ್ನೆ: ಪ್ಯಾರಾಮಿಕೊ (ಪೈಥಾನ್‌ನ ಎಸ್‌ಎಸ್‌ಎಚ್ ಲೈಬ್ರರಿ) ಬಳಸಿ ಪೈಥಾನ್‌ನಲ್ಲಿ ಓಪನ್ ಸೋರ್ಸ್ ಲೈಬ್ರರಿ ಬರೆಯುತ್ತಿದ್ದೇನೆ. ಹೊಸ ಸರ್ವರ್ ಆದರೆ ‘ಹೋಸ್ಟ್ ಕೀ (ಸರ್ವರ್‌ನ ಗುರುತಿನ ಕೀ) ಗೊತ್ತಿಲ್ಲ’ ಎಂದು ನಿಂತುಬಿಡುತ್ತದೆ ಅಂತ ಬಳಸುವವರ ದೂರು. ಡೀಫಾಲ್ಟ್ ಆಗಿ ಆಟೋಆಡ್‌ಪಾಲಿಸಿ (ಗೊತ್ತಿಲ್ಲದ ಕೀಯನ್ನು ಕೇಳದೇ ಒಪ್ಪಿಕೊಳ್ಳುವ ಸೆಟ್ಟಿಂಗ್) ಹಾಕಿಬಿಡಲಾ?

ಉತ್ತರ: ಖಂಡಿತ ಬೇಡ. ಪ್ಯಾರಾಮಿಕೊದವರು ಡೀಫಾಲ್ಟ್ ಆಗಿ ರಿಜೆಕ್ಟ್‌ಪಾಲಿಸಿ (ಗೊತ್ತಿಲ್ಲದ ಕೀಯನ್ನು ತಿರಸ್ಕರಿಸುವ ಸೆಟ್ಟಿಂಗ್) ಇಟ್ಟಿರುವುದು ಸುಮ್ನೆ ಅಲ್ಲ. ‘ಈ ಒಂದು ಸಾಲು ಹಾಕಿ, ಎರರ್ ಮಾಯ’ ಎನ್ನುವ ಯೂಟ್ಯೂಬ್ ಪಂಡಿತರನ್ನು ನಂಬಬೇಡಿ. ಎರರ್ ಹೋಗುತ್ತದೆ, ನಿಜ. ಆ ಕಡೆ ಇರುವುದು ನಮ್ಮ ಸರ್ವರೇ ಎಂಬ ಖಾತ್ರಿಯೂ ಅದರ ಜೊತೆಗೇ ಹೋಗುತ್ತದೆ.

‘ಮೊದಲ ಸಲ ಮಾತ್ರ ಒಪ್ಪಿಕೊಳ್ಳುತ್ತೆ, ಆಮೇಲೆ ಕೀ ಬದಲಾದರೆ ಹಿಡಿಯುತ್ತೆ’ ಎಂದು ವಾದಿಸುವವರಿದ್ದಾರೆ. ಅವರ ಕೋಡ್ ತೆಗೆದು ನೋಡಿ. ಹಳೇ ಕೀಗಳ ಫೈಲನ್ನು ಲೋಡ್ ಮಾಡುವ ಸಾಲೇ ಎಷ್ಟೋ ಸಲ ಇರುವುದಿಲ್ಲ. ಫೈಲ್ ಓದದಿದ್ದರೆ ಹೋಲಿಸಿ ನೋಡುವುದಾದರೂ ಯಾವುದರ ಜೊತೆ? ಪ್ರೋಗ್ರಾಂ ಶುರುವಾದಾಗಲೆಲ್ಲ ಅದಕ್ಕೆ ಮೊದಲ ಸಲವೇ!

ಮಧ್ಯದಲ್ಲಿ ಕಳ್ಳ ಕೂತಿದ್ದರೆ ನಿಮ್ಮ ಪಾಸ್‌ವರ್ಡ್ ನೇರ ಅವನ ಕೈಗೆ. ‘ನಾವು ಪಾಸ್‌ವರ್ಡ್ ಬಳಸಲ್ಲ, ಕೀ ಬಳಸ್ತೀವಿ’ ಅಂದ್ರಾ? ಸ್ವಲ್ಪ ವಾಸಿ. ನಿಮ್ಮ ಸಹಿಯಲ್ಲಿ ಸೆಷನ್ ಐಡಿಯೂ (ಆ ಒಂದು ಸಂಪರ್ಕಕ್ಕಷ್ಟೇ ಸೇರಿದ ಗುರುತು) ಸೇರಿರುತ್ತದೆ. ಅದನ್ನು ಅವನು ಅಸಲಿ ಸರ್ವರ್‌ಗೆ ತೋರಿಸಿ ಒಳಗೆ ಹೋಗಲಾರ. ಆದರೆ ತಾನೇ ಸರ್ವರ್ ಎಂದು ನಟಿಸಬಹುದಲ್ವಾ? ನೀವು ಕಳಿಸುವ ಬ್ಯಾಕಪ್ ಫೈಲ್ ಅವನಿಗೇ ಸಿಗುತ್ತದೆ.

ಗೋ ಭಾಷೆಯ ಎಸ್‌ಎಸ್‌ಎಚ್ ಪ್ಯಾಕೇಜ್ 2017ರಲ್ಲಿ ಹೋಸ್ಟ್ ಕೀ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಹಳೇ ಕೋಡ್ ಮುರಿದುಬಿತ್ತು, ಆದರೂ ಮಾಡಿದರು. ಬೇಡವೆನ್ನುವವರು ‘ಇನ್‌ಸೆಕ್ಯೂರ್‌ಇಗ್ನೋರ್‌ಹೋಸ್ಟ್‌ಕೀ’ ಎಂದು ಕೈಯಾರೆ ಬರೆಯಬೇಕು. ರಿವ್ಯೂ ಮಾಡುವವರ ಕಣ್ಣಿಗೆ ಅದು ಬಿದ್ದೇ ಬೀಳುತ್ತದೆ. ನೀವೂ ಹಾಗೇ ಮಾಡಿ. ಎರರ್ ಬಂದಾಗ ಹೋಸ್ಟ್ ಹೆಸರು, ಕೀ ಬಗೆ, ಎಸ್‌ಎಚ್‌ಎ256 ಫಿಂಗರ್‌ಪ್ರಿಂಟ್ (ಕೀಯನ್ನು ಗುರುತಿಸುವ ಚಿಕ್ಕ ಅಚ್ಚು) ಮೂರನ್ನೂ ತೋರಿಸಿ. ಸರ್ವರ್‌ನ ಕನ್ಸೋಲ್‌ನಲ್ಲಿ ನೋಡಿಕೊಂಡು ಬಂದ ಫಿಂಗರ್‌ಪ್ರಿಂಟನ್ನು ಕೊಡಲು ಒಂದು ಪ್ಯಾರಾಮೀಟರ್ ಇಡಿ. ದೂರುಗಳಲ್ಲಿ ಬಹುಪಾಲು ಅಲ್ಲಿಗೇ ನಿಲ್ಲುತ್ತವೆ. ಉಳಿದವರು ಬೈದರೆ ಬೈಯಲಿ ಬಿಡಿ.

ಪ್ರಶ್ನೆ: ಓಪನ್ ಸೋರ್ಸ್ ಕೋಡ್ ಎಲ್ಲರಿಗೂ ಕಾಣುತ್ತದೆ, ಕಳ್ಳರಿಗೂ ಕಾಣುವುದಿಲ್ಲವೇ?

ಉತ್ತರ: ಕಾಣುತ್ತದೆ, ಕಾಣಲಿ. ಭಯ ಪಡಬೇಕಾದ್ದು ಬೇರೆ ಇದೆ. 2024ರಲ್ಲಿ ಎಕ್ಸ್‌ಝಡ್ (ಫೈಲ್ ಕುಗ್ಗಿಸುವ ಓಪನ್ ಸೋರ್ಸ್ ಸಾಫ್ಟ್‌ವೇರ್) ಒಳಗೆ ಸಿಕ್ಕ ಕಳ್ಳ ಹಿಂಬಾಗಿಲನ್ನು ಕೆಲಸಕ್ಕೆ ಹಚ್ಚುವ ಸ್ಕ್ರಿಪ್ಟ್ ಎಲ್ಲರೂ ನೋಡುವ ಗಿಟ್ ಕೋಡ್‌ನಲ್ಲಿ ಇರಲೇ ಇಲ್ಲ, ಬಿಡುಗಡೆಯ ಟಾರ್ ಫೈಲ್‌ನಲ್ಲಿ ಮಾತ್ರ ಇತ್ತು. ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಬೆನ್ನು ಹತ್ತಿದ್ದಕ್ಕೆ ಸಿಕ್ಕಿತು. ನಿಮ್ಮ ಬಿಡುಗಡೆ ಫೈಲ್ ಗಿಟ್‌ನಿಂದಲೇ ತಯಾರಾಗಲಿ, ಬೇರೆಯವರೂ ತಯಾರಿಸಿ ತಾಳೆ ನೋಡುವಂತಿರಲಿ.

ಪ್ರಶ್ನೆ: ಪೋರ್ಟ್ 22 ಬದಲು 2222 ಇಟ್ಟರೆ ಸೇಫಾ?

ಉತ್ತರ: ಲಾಗ್‌ನಲ್ಲಿ ಗಲಾಟೆ ಕಡಿಮೆಯಾಗುತ್ತದೆ, ಅಷ್ಟೇ.

ಪ್ರಶ್ನೆ: ನಾನೇ ಒಂದು ಎನ್‌ಕ್ರಿಪ್ಶನ್ ಬರೆದಿದ್ದೇನೆ. ಲೈಬ್ರರಿಗೆ ಸೇರಿಸಲಾ?

ಉತ್ತರ: ಕಲಿಯೋಕೆ ಬರೆದಿದ್ದರೆ ಸಂತೋಷ. ಬೇರೆಯವರ ಡೇಟಾ ಅದರಲ್ಲಿ ಕಳಿಸಬೇಡಿ.